ಮಣ್ಣಿನ ಕೆಲಸ, ಮಣ್ಣಿನ ಮಾತು: ಪೋಷಕರಿಗೆ ಪತ್ರ

ಪೋಷಕರೆಲ್ಲರಿಗೂ ನಮಸ್ಕಾರ.

ಬರುವ ಐದು ಶನಿವಾರ 4ರಿಂದ 7ನೇ ತರಗತಿಯ ಮಕ್ಕಳು ಶಾಲೆಯಲ್ಲಿ ಮಡಕೆ ಮಾಡುವುದನ್ನು ಕಲಿಯುತ್ತಾರೆ. ಈ ಅವಧಿಯನ್ನು ಕನ್ನಡ ಪಾಠದ ಲೆಕ್ಕಕ್ಕೇ ಸೇರಿಸಿದ್ದೇವೆ. ಮಡಕೆ, ಕುಡಿಕೆ, ಹಣತೆ ಎಂಬ ಹೆಸರುಗಳು ಮಕ್ಕಳಿಗೆ ಗೊತ್ತು. ಅವರ ಬಾಯಿಂದ ಜಾರಿಹೋಗುತ್ತಿರುವುದು ಕೆಲಸದ ಮಾತುಗಳು: ನಾದು, ಹೊಸೆ, ತೀಡು, ತಟ್ಟು, ಹದ, ಹಸಿ. ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸಿದರೆ ಇವು ಪರೀಕ್ಷೆಯವರೆಗೆ ಮಾತ್ರ ಉಳಿಯುತ್ತವೆ. ಕೈ ಕೆಸರಾಗಿರುವಾಗ ಕಿವಿಗೆ ಬಿದ್ದ ಮಾತು ಹಾಗೆ ಮರೆಯುವುದಿಲ್ಲ.

'ಹದ'ವನ್ನೇ ನೋಡಿ. ಜೇಡಿಮಣ್ಣನ್ನು ಎರಡು ದಿನ ನೆನೆಸಿ, ಕಲ್ಲು, ಬೇರು ಆರಿಸಿ, ಐದು ಪಾಲಿಗೆ ಒಂದು ಪಾಲು ಜರಡಿ ಹಿಡಿದ ಸಣ್ಣ ಮರಳು ಸೇರಿಸಿ ನಾದುತ್ತೇವೆ. ಮರಳಿಲ್ಲದ ಮಣ್ಣು ಒಣಗುವಾಗ ತುಂಬಾ ಕುಗ್ಗಿ ಸೀಳುತ್ತದೆ. ನಾದಿದ ಮೇಲೆ ಕಿರುಬೆರಳ ಗಾತ್ರದ ಬತ್ತಿ ಹೊಸೆದು ಬೆರಳಿಗೆ ಸುತ್ತಬೇಕು. ಬಿರಿದರೆ ನೀರು ಸಾಲದು, ಅಂಗೈಗೆ ಮೆತ್ತಿದರೆ ನೀರು ಹೆಚ್ಚು. ಬಿರಿಯದೆ, ಮೆತ್ತದೆ ಬಳುಕಿದರೆ ಹದ ಬಂತು. ಈ ಮಾತಿಗೆ ಅರ್ಥ ಬರೆಸುವುದು ಕಷ್ಟ, ಬೆರಳಿಗೆ ತಿಳಿಸುವುದು ಸುಲಭ.

ತಿಗುರಿಯನ್ನು, ಅಂದರೆ ಕುಂಬಾರರ ಚಕ್ರವನ್ನು, ಮಕ್ಕಳು ತಿರುಗಿಸಿ ನೋಡುತ್ತಾರೆ, ಆದರೆ ಅದರ ಮೇಲೆ ಮುದ್ದೆಯನ್ನು ನಟ್ಟನಡುವೆ ನಿಲ್ಲಿಸಲು ಐದು ಶನಿವಾರ ಸಾಲದು. ಹಾಗಾಗಿ ಬತ್ತಿಯ ಮೇಲೆ ಬತ್ತಿ ಸುತ್ತಿ ಕಟ್ಟಿಸುತ್ತೇವೆ: ಮೊದಲು ಅಡಿ, ಆಮೇಲೆ ಹೊಟ್ಟೆ, ಕೊರಳು, ಬಾಯಿ. ಸುಮ್ಮನೆ ಪೇರಿಸಿದ ಬತ್ತಿ ಒಣಗುವಾಗ ಬೆಸುಗೆ ಬಿಡುತ್ತದೆ. ಎರಡೂ ಕಡೆ ಗೀರಿ, ತೆಳ್ಳನೆ ಕೆಸರು ಸವರಿ, ಒಳಗಿನಿಂದ ತೀಡಿದರೆ ಕೂಡಿಕೊಳ್ಳುತ್ತದೆ. ಗೋಡೆ ಎಲ್ಲೆಡೆ 8 ಮಿ.ಮೀ. ಆಸುಪಾಸು ಇರಬೇಕು.

ಹೆಚ್ಚು ಪಾತ್ರೆಗಳು ಹಾಳಾಗುವುದು ಒಣಗಿಸುವಲ್ಲಿ. ಬಿಸಿಲಿಗಿಟ್ಟರೆ ಗಾಳಿಗೆ ತೆರೆದ ಬಾಯಿ ಬೇಗ ಒಣಗಿ ಕುಗ್ಗುತ್ತದೆ, ಅಡಿ ಇನ್ನೂ ಒದ್ದೆಯಾಗಿಯೇ ಇರುತ್ತದೆ. ಆಗ ಅಂಚಿನಿಂದ ಸೀಳು ಇಳಿಯುತ್ತದೆ. ಮೊದಲೆರಡು ದಿನ ಬಾಯಿಗೆ ಒದ್ದೆ ಬಟ್ಟೆ ಹೊದಿಸಿ, ಒಟ್ಟು ಎಂಟು ದಿನ ನೆರಳಿನಲ್ಲೇ ಇಡುತ್ತೇವೆ. ಹಸಿಮಣ್ಣಿನ ಮೇಲೆ ಎಳೆದ 10 ಸೆಂ.ಮೀ. ಗೆರೆ ಒಣಗಿದಾಗ ಎಷ್ಟಾಯಿತೆಂದು ಮಕ್ಕಳೇ ಅಳೆದು ಬರೆಯಲಿ.

ಅಷ್ಟು ಒಣಗಿದ ಪಾತ್ರೆಯನ್ನೂ ಕನ್ನಡದಲ್ಲಿ 'ಹಸಿ ಮಡಕೆ' ಎಂದೇ ಕರೆಯುತ್ತೇವೆ. ಏಕೆಂದು ನಾಲ್ಕನೇ ಶನಿವಾರ ಗೊತ್ತಾಗುತ್ತದೆ. ಒಣಗಿದ ಬಟ್ಟಲೊಂದನ್ನೂ ಸುಟ್ಟ ಬಟ್ಟಲೊಂದನ್ನೂ ನೀರಿಗೆ ಇಳಿಸುತ್ತೇವೆ. ಮೊದಲನೆಯದು ಗುಳ್ಳೆ ಬಿಡುತ್ತಾ ಕರಗಿ ಮತ್ತೆ ಕೆಸರಾಗುತ್ತದೆ, ಎರಡನೆಯದು ಹಾಗೇ ಕೂರುತ್ತದೆ. ಹಸಿ ಎಂದರೆ ಬರೀ ಒದ್ದೆ ಅಲ್ಲ, ಬೇಯದ್ದು ಕೂಡ.

ಆವಿಗೆಗೆ, ಅಂದರೆ ಮಡಕೆ ಸುಡುವ ಗೂಡಿಗೆ, ಬೆಂಕಿ ಹಾಕುವುದು ದೊಡ್ಡವರ ಕೆಲಸ, ಮಕ್ಕಳು ದೂರ ನಿಂತು ನೋಡುತ್ತಾರೆ. ಮೊದಲ ಕೆಲವು ಗಂಟೆ ಉರಿ ಸಣ್ಣಗಿರಬೇಕು. ಒಳಗುಳಿದ ನೀರು ಒಮ್ಮೆಲೇ ಹಬೆಯಾದರೆ ಮಡಕೆ ಸಿಡಿಯುತ್ತದೆ. ಮುಂದೆ 800 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಆರಿದ ಮೇಲೆ ಬೆರಳಿನಿಂದ ತಟ್ಟಿದಾಗ 'ಠಣ್' ಎಂದರೆ ಗಟ್ಟಿ, ಬೊದ್ದ ಸದ್ದು ಬಂದರೆ ಎಲ್ಲೋ ಒಡಕಿದೆ. ಒಡೆದ ಚೂರು, ಅಂದರೆ ಬೋಕಿ, ಎಸೆಯುವುದಿಲ್ಲ. ಕುಟ್ಟಿ ಪುಡಿಮಾಡಿ ಮುಂದಿನ ಮಣ್ಣಿಗೆ ಮರಳಿನ ಬದಲು ಬೆರೆಸಬಹುದು.

ನಿಮ್ಮಿಂದ ಬೇಕಾದದ್ದು ಇಷ್ಟು. ಮನೆಯ ಅಜ್ಜ ಅಜ್ಜಿಯರನ್ನು ಕೇಳಿ: ಗಡಿಗೆ, ಹರವಿ, ಗುಡಾಣ, ವಾಡೆ, ಇವುಗಳಲ್ಲಿ ಯಾವ ಮಾತು ಅವರ ಬಳಕೆಯಲ್ಲಿತ್ತು? ಆ ಪಾತ್ರೆಯ ಬಾಯಿ ಅಗಲವೋ ಕಿರಿದೋ, ಒಳಗೆ ಏನಿಡುತ್ತಿದ್ದರು? ಅವರು ಹೇಳಿದ ಹಾಗೇ ಬರೆಯಿರಿ, ಪುಸ್ತಕದ ಭಾಷೆಗೆ ದಯವಿಟ್ಟು ತಿದ್ದಬೇಡಿ. ಮನೆಮಾತು ಬೇರೆಯಾದರೆ ಆ ಭಾಷೆಯ ಮಾತನ್ನೇ ಕಳಿಸಿ, ಪಕ್ಕದಲ್ಲೇ ಬರೆದುಕೊಳ್ಳುತ್ತೇವೆ.

ಉಗುರು ಕತ್ತರಿಸಿ, ಹಳೆಯ ಬಟ್ಟೆ ಹಾಕಿ ಕಳಿಸಿ. ಕೈಯಲ್ಲಿ ಗಾಯವಿದ್ದರೆ ಮೊದಲೇ ತಿಳಿಸಿ. ಮಣ್ಣಾದ ಬಟ್ಟೆಯನ್ನು ಒಣಗಿದ ಮೇಲೆ ಕೊಡವಬೇಡಿ, ಆ ಧೂಳು ಎದೆಗೆ ಒಳ್ಳೆಯದಲ್ಲ. ಬಕೆಟ್ಟಿನಲ್ಲಿ ಅದ್ದಿ ತೆಗೆದು, ಕೆಸರು ನೀರನ್ನು ಗಿಡಕ್ಕೆ ಹಾಕಿ. ಮೋರಿಗೆ ಸುರಿದರೆ ಕೊಳವೆ ಕಟ್ಟಿಕೊಳ್ಳುತ್ತದೆ.

ಮಾತುಗಳ ಚೀಟಿ ಎರಡನೇ ಶನಿವಾರದೊಳಗೆ ತರಗತಿ ಶಿಕ್ಷಕರ ಕೈ ಸೇರಲಿ.

ಇತಿ,
ಮುಖ್ಯ ಶಿಕ್ಷಕರು