ಐಚ್ಛಿಕ ಇಂಗ್ಲಿಷ್ ಓದುವವರಿಗೆ ಬರವಣಿಗೆಯ ತರಗತಿಯೂ ಬೇಕು

ಮಾನ್ಯ ಸಂಪಾದಕರೇ,

ಪಿಯುಸಿ ಫಲಿತಾಂಶ ಬಂದು ಪದವಿ ಕಾಲೇಜುಗಳಲ್ಲಿ ಪ್ರವೇಶ ನಡೆಯುತ್ತಿರುವ ಈ ದಿನಗಳಲ್ಲಿ, ಬೆಂಗಳೂರಿನಲ್ಲಿ ದೀರ್ಘಕಾಲ ಇಂಗ್ಲಿಷ್ ಸಾಹಿತ್ಯ ಕಲಿಸಿ ನಿವೃತ್ತಳಾದ ನಾನು, ಆ ವಿಷಯವನ್ನು ಐಚ್ಛಿಕವಾಗಿ ಆರಿಸಿಕೊಳ್ಳುವ ಮಕ್ಕಳ ಪರವಾಗಿ ಒಂದು ಬೇಡಿಕೆಯನ್ನು ತಮ್ಮ ಓದುಗರ ಮುಂದಿಡಬಯಸುತ್ತೇನೆ. ರಾಜ್ಯದಲ್ಲಿ 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷಗಳ ಪದವಿ ಬಂತು. 2024–25ರಿಂದ ಮತ್ತೆ ಮೂರು ವರ್ಷಗಳ ಪದವಿಗೆ ಮರಳಿದೆವು. ಎರಡು ಸಲವೂ ಪಠ್ಯಕ್ರಮ ಬದಲಾಯಿತು. ಆದರೆ ವಿದ್ಯಾರ್ಥಿ ತನ್ನ ಮಾತಿನಲ್ಲಿ ಒಂದು ಪುಟ ಬರೆದು, ಅಧ್ಯಾಪಕರಿಗೆ ತೋರಿಸಿ, ತಿದ್ದಿಸಿಕೊಂಡು ಮತ್ತೆ ಬರೆಯುವ ವ್ಯವಸ್ಥೆ ನಾನು ಕಂಡ ಕಾಲೇಜುಗಳಲ್ಲಿ ಬಹುಮಟ್ಟಿಗೆ ಇಲ್ಲ.

ಮೌಲ್ಯಮಾಪನ ಕೇಂದ್ರದಲ್ಲಿ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿದರೆ ಇದರ ಫಲ ಕಾಣುತ್ತದೆ. ಇಂಗ್ಲಿಷ್ ಕವಿ ವರ್ಡ್ಸ್‌ವರ್ತ್‌ನ ಯಾವ ಕವಿತೆಯ ಮೇಲೆ ಪ್ರಶ್ನೆಯಿದ್ದರೂ ‘ಆತ ಪ್ರಕೃತಿಯ ಆರಾಧಕ’ ಎಂಬ ಗೈಡಿನ ವಾಕ್ಯ, ಅಲ್ಲಿನ ಅಚ್ಚಿನ ತಪ್ಪಿನ ಸಮೇತ, ಹತ್ತಾರು ಕೈಬರಹಗಳಲ್ಲಿ ಇರುತ್ತದೆ. ಅದಕ್ಕೆ ಅಂಕವೂ ಸಿಗುತ್ತದೆ. ಹಾಗಿರುವಾಗ ಮಕ್ಕಳನ್ನು ದೂರುವುದು ನ್ಯಾಯವಲ್ಲ.

ಸ್ಕಾಟ್ಲೆಂಡಿನ ಬೆಟ್ಟಸೀಮೆಯಲ್ಲಿ ಒಬ್ಬಳೇ ಪೈರು ಕೊಯ್ಯುತ್ತ ಹಾಡುವ ಹುಡುಗಿಯ ಕುರಿತು ಅದೇ ಕವಿಯ, 1807ರಲ್ಲಿ ಪ್ರಕಟವಾದ ಕವಿತೆಯೊಂದಿದೆ. ಅವಳ ಭಾಷೆ ಕವಿಗೆ ತಿಳಿಯದು. ಆಕೆ ಏನು ಹಾಡುತ್ತಿದ್ದಾಳೆಂದು ಯಾರೂ ಹೇಳುವುದಿಲ್ಲವೇ ಎಂದು ಕೇಳುತ್ತಾನೆ. ಮಾಗಡಿ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ, ಕನ್ನಡ ಮಾಧ್ಯಮದಲ್ಲಿ ಓದಿದ್ದ ವಿದ್ಯಾರ್ಥಿನಿಯೊಬ್ಬಳು ಈ ಕವಿತೆಯ ಬಗ್ಗೆ ಮೊದಲು ಬರೆದುಕೊಟ್ಟದ್ದೂ ಗೈಡಿನ ಮಾತನ್ನೇ. ‘ಯಾವ ಸಾಲು ಓದಿ ನಿನಗೆ ಹೀಗನ್ನಿಸಿತು?’ ಎಂದು ಅಂಚಿನಲ್ಲಿ ಬರೆದು ಹಿಂದಿರುಗಿಸಿದೆ. ಎರಡನೆಯ ಸಲ ಅವಳು, ಅರ್ಥವಾಗದ ಹಾಡನ್ನು ಕವಿ ನಿಂತು ಕೇಳಿದ್ದನ್ನೂ ಕಾಲೇಜಿನ ಮೊದಲ ತಿಂಗಳುಗಳಲ್ಲಿ ಸಹಪಾಠಿಗಳ ಇಂಗ್ಲಿಷನ್ನು ತಾನು ಕೇಳುತ್ತ ಕೂತಿದ್ದನ್ನೂ ಪಕ್ಕಪಕ್ಕದಲ್ಲಿಟ್ಟು, ಕವಿ ಬೇಕಾದಾಗ ಬೆಟ್ಟ ಹತ್ತಿ ಹೊರಟುಹೋಗಬಹುದಿತ್ತು, ತಾನು ಹೋಗುವಂತಿರಲಿಲ್ಲ ಎಂದು ಬರೆದಿದ್ದಳು. ವ್ಯಾಕರಣದ ತಪ್ಪುಗಳು ಸಾಕಷ್ಟಿದ್ದವು. ಮೂರನೆಯ ಕರಡಿನ ಹೊತ್ತಿಗೆ ಅವೂ ಕಡಿಮೆಯಾದವು. ಸಾಹಿತ್ಯದ ಓದು ಎಂದರೆ ಇದೇ ಎಂದು ನಾನು ನಂಬಿದ್ದೇನೆ. ಈ ಮೂರು ಕರಡುಗಳಿಗೆ ಎಲ್ಲಿಯೂ ಅಂಕವಿರಲಿಲ್ಲ.

ಇಂಗ್ಲಿಷ್ ಓದಿದವರು ಕನ್ನಡಕ್ಕೆ ದೂರವಾಗುತ್ತಾರೆಂಬ ಆತಂಕವನ್ನು ಬಲ್ಲೆ. ಆದರೆ ಇಂಗ್ಲಿಷ್ ಅಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಕವಿತೆಗಳನ್ನು ಅನುವಾದಿಸುತ್ತಲೇ ಕನ್ನಡ ಕಾವ್ಯಕ್ಕೆ ಹೊಸ ಲಯಗಳನ್ನು ತಂದರು. ಜ್ಞಾನಪೀಠ ಪಡೆದ ವಿ.ಕೃ. ಗೋಕಾಕ್ ಮತ್ತು ಯು.ಆರ್. ಅನಂತಮೂರ್ತಿ ಇಬ್ಬರೂ ಇಂಗ್ಲಿಷ್ ಮೇಷ್ಟರೇ, ಪಿ. ಲಂಕೇಶ್ ಇದೇ ಊರಿನಲ್ಲಿ ಇಂಗ್ಲಿಷ್ ಪಾಠ ಮಾಡಿದವರು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದದ್ದು ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದ ಮೂಲಕ. ಇಷ್ಟಾದರೂ ಪದವಿಯಲ್ಲಿ ಅನುವಾದವೆಂದರೆ ಅದರ ವಿಧಗಳನ್ನು ವಿವರಿಸುವ ಟಿಪ್ಪಣಿಗೆ ನಿಂತುಬಿಡುತ್ತದೆ. ಕನ್ನಡದ ಒಂದು ಕಥೆಯನ್ನು ಕೈಗೆತ್ತಿಕೊಂಡು ಒಂದು ಸೆಮಿಸ್ಟರ್ ಪೂರ್ತಿ ಇಂಗ್ಲಿಷಿಗೆ ತರುವ ಕೆಲಸವನ್ನು ಈ ಮಕ್ಕಳಿಗೆ ಕೊಡಬೇಕು. ಎರಡೂ ಭಾಷೆ ಬಲ್ಲ ಕನ್ನಡ ಮಾಧ್ಯಮದವರಿಗೆ ಅಲ್ಲಿ ಹಿಂಜರಿಕೆಗೆ ಕಾರಣವೇ ಇರುವುದಿಲ್ಲ.

ಈ ಪದವಿಯಿಂದ ಕೆಲಸ ಸಿಗುತ್ತದೆಯೇ ಎಂದು ಪೋಷಕರು ಕೇಳುವುದು ಸಹಜ. ಸಾಫ್ಟ್‌ವೇರ್ ಕಂಪನಿಗಳ ಬಳಕೆದಾರರ ಕೈಪಿಡಿ, ಪತ್ರಿಕೆ, ಪ್ರಕಾಶನ, ಉಪಶೀರ್ಷಿಕೆ, ಶಾಲಾ ಶಿಕ್ಷಣ, ಹೀಗೆ ಈ ನಗರದಲ್ಲಿ ಅವಕಾಶಗಳಿವೆ. ಆದರೆ ಅಲ್ಲೆಲ್ಲ ಕೇಳುವುದು ಸ್ಪಷ್ಟವಾಗಿ ಬರೆಯಬಲ್ಲಿರಾ ಎಂದು. ಸಾರಾಂಶವನ್ನಂತೂ ಮೊಬೈಲಿನ ಚಾಟ್‌ಬಾಟ್ ಕ್ಷಣದಲ್ಲಿ ಕೊಡುತ್ತದೆ.

ಅಡ್ಡಿಯಿರುವುದು ಅಧ್ಯಾಪಕರ ಸಮಯದಲ್ಲಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಂತೆ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ನೇರ ಬೋಧನೆ ಮಾಡಬೇಕು. ಮನೆಗೆ ಹೊತ್ತೊಯ್ದು ತಿದ್ದುವ ಬರಹಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಮುಂದಿನ ವರ್ಷ ಇದೇ ಕಾಲೇಜಿನಲ್ಲಿರುತ್ತೇವೆಯೇ ಎಂಬ ಖಾತ್ರಿಯಿಲ್ಲದ ಅತಿಥಿ ಉಪನ್ಯಾಸಕರಿಂದ ಇಂಥ ಶ್ರಮವನ್ನು ಉಚಿತವಾಗಿ ನಿರೀಕ್ಷಿಸುವುದು ತಪ್ಪು. ಆದ್ದರಿಂದ ನಗರದ ವಿಶ್ವವಿದ್ಯಾಲಯಗಳಲ್ಲಿ ಪಠ್ಯಕ್ರಮ ರೂಪಿಸುವ ಇಂಗ್ಲಿಷ್ ಅಧ್ಯಯನ ಮಂಡಳಿಗಳು ಪ್ರತಿ ಸೆಮಿಸ್ಟರಿನ ಐಚ್ಛಿಕ ಪತ್ರಿಕೆಗಳಲ್ಲಿ ಒಂದನ್ನಾದರೂ ತರಗತಿಯಲ್ಲೇ ಕೂತು ಬರೆಯುವ ಬರವಣಿಗೆಗೆ ಮೀಸಲಿಟ್ಟು, ಅದರ ಆಂತರಿಕ ಅಂಕಗಳನ್ನು ತಿದ್ದಿದ ಕರಡುಗಳ ಆಧಾರದ ಮೇಲೆ ಕೊಡಬೇಕೆಂದೂ, ಉನ್ನತ ಶಿಕ್ಷಣ ಇಲಾಖೆಯು ತಿದ್ದುವ ಗಂಟೆಗಳನ್ನು ಬೋಧನಾ ಅವಧಿಯೊಳಗೆ ಸೇರಿಸಬೇಕೆಂದೂ ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ. ಸಾಮಾನ್ಯ ಇಂಗ್ಲಿಷ್ ತರಗತಿಗಿಂತ ಐಚ್ಛಿಕ ತರಗತಿಯಲ್ಲಿ ಮಕ್ಕಳ ಸಂಖ್ಯೆ ಬಹಳ ಕಡಿಮೆ ಇರುವುದರಿಂದ, ಈ ವರ್ಷವೇ ಇದನ್ನು ಆರಂಭಿಸಬಹುದು.

– ನಿವೃತ್ತ ಇಂಗ್ಲಿಷ್ ಅಧ್ಯಾಪಕಿ, ಬಸವನಗುಡಿ, ಬೆಂಗಳೂರು