ಸಾಮಿಲ್‌ನಲ್ಲಿ ಸಿಕ್ಕ ಕಾಕಾ ಅವರಿಗೆ

ಹಳೇ ಹುಬ್ಬಳ್ಳಿಯ ಸಾಮಿಲ್‌ನಲ್ಲಿ ನನಗೆ ಹಲಗೆ ಆರಿಸಿಕೊಟ್ಟ ಕಾಕಾ, ನೀವು ಹೆಸರು ಹೇಳದೇ ಹೊರಟುಬಿಟ್ಟಿರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮನೆಯಲ್ಲಿ ಮಾಡುತ್ತಿರುವುದು ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಶೈಲಿಯ ಕುರ್ಚಿ. ಕೆತ್ತನೆ ಕಡಿಮೆ, ನೇರ ಗೆರೆ ಜಾಸ್ತಿ, ಜೋಡಣೆ ಕಣ್ಣಿಗೆ ಕಾಣಬೇಕು. 1900ರ ಹೊತ್ತಿಗೆ ಅಮೆರಿಕದ ಪೀಠೋಪಕರಣ ತಯಾರಕ ಗುಸ್ತಾವ್ ಸ್ಟಿಕ್ಲಿ ಇಂಥವನ್ನು ಓಕ್ ಮರದಲ್ಲಿ ಮಾಡಿಸುತ್ತಿದ್ದರು. ನಮಗೆ ಸಾಗವಾನಿಯೇ ಸರಿ, ಅಲ್ವಾ?

ನೀವು ಹಲಗೆಯ ಮುಖ ನೋಡಲೇ ಇಲ್ಲ, ತುದಿಯಲ್ಲಿ ಕಾಣುವ ಮರದ ಬೆಳವಣಿಗೆಯ ಗೆರೆ ನೋಡಿದಿರಿ. ‘ಗೆರಿ ನೆಟ್ಟಗ ನಿಂತಿರಬೇಕ ತಮ್ಮಾ, ಮಳಿಗಾಲದಾಗ ಅಷ್ಟ ಡೊಂಕ ಆಗಂಗಿಲ್ಲ’ ಅಂದಿರಿ. ಸ್ಟಿಕ್ಲಿಯವರ ಓಕ್ ಹಲಗೆಗಳೂ ಹೆಚ್ಚಾಗಿ ಹೀಗೇ ಕೊಯ್ದವು! ಮೇಲೆ ನನ್ನ ಉಳಿಯನ್ನೂ ಸಾಣೆ ಹಿಡಿದುಕೊಟ್ಟಿರಿ.

ಅಡ್ಡಪಟ್ಟಿಗಳು ಕಾಲಿನ ತೂತಿನಲ್ಲಿ ಅಂಟಿಲ್ಲದೇ ಬಿಗಿಯಾಗಿ ಕೂತಿವೆ. ತುಂಬಾ ಧನ್ಯವಾದ ಕಾಕಾ. ಇನ್ನೊಮ್ಮೆ ಸಿಕ್ಕರೆ ಚಹಾ ನನ್ನದು.