ಬೆಲೆ ಹೇಳದ ಪೋರ್ಟಲ್ ತಂತ್ರಾಂಶ

ಮಾನ್ಯರೇ,

ಸಂಸ್ಥೆಯೊಂದರ ಖರೀದಿ ವಿಭಾಗದಲ್ಲಿರುವ ನನಗೆ ಕುರ್ಚಿ, ಕಾಗದದ ದರ ಒಂದೇ ಕರೆಯಲ್ಲಿ ಸಿಗುತ್ತದೆ. ಸಂಸ್ಥೆಯ ಮಾಹಿತಿ, ಸೇವೆಗಳನ್ನು ಒಂದೇ ಜಾಲತಾಣದಲ್ಲಿ ಒದಗಿಸುವ ವೆಬ್ ಪೋರ್ಟಲ್ ತಂತ್ರಾಂಶದ ಬೆಲೆ ಕೇಳಿದರೆ ಮಾತ್ರ ‘ನಿಮ್ಮ ಬಜೆಟ್ ಎಷ್ಟು?’ ಎಂಬ ಮರುಪ್ರಶ್ನೆ. ದರ ಕಟ್ಟಲು ಕೆಲವರು ಬಳಕೆದಾರರ ತಲೆ ಎಣಿಸುತ್ತಾರೆ, ಕೆಲವರು ಪ್ರೊಸೆಸರ್ ಕೋರ್‌ಗಳನ್ನು, ಅಂದರೆ ಕಂಪ್ಯೂಟರಿನ ಚಿಪ್‌ನೊಳಗಿನ ಸಂಸ್ಕರಣಾ ಘಟಕಗಳನ್ನು. ಮೈಕ್ರೊಸಾಫ್ಟ್‌ನ ಶೇರ್‌ಪಾಯಿಂಟ್ ಸರ್ವರ್ ಎಂಬ ಪೋರ್ಟಲ್ ತಂತ್ರಾಂಶಕ್ಕಾದರೆ ಸರ್ವರ್ ಪರವಾನಗಿಯ ಜತೆಗೆ ಸಿಬ್ಬಂದಿಯ ಪ್ರವೇಶ ಪರವಾನಗಿಯೂ ಬೇಕು. ನಮಗೆ ಪೋರ್ಟಲ್ ಮಾರಿದ ಕಂಪನಿ ನಾವು ಬಳಸುವ 4 ಕೋರ್‌ಗಷ್ಟೇ ಅಲ್ಲ, ನಮ್ಮ ವರ್ಚುವಲ್ ಸರ್ವರ್ (ದೊಡ್ಡ ಯಂತ್ರವೊಂದರ ಪಾಲನ್ನು ಬಳಸಿ ಪ್ರತ್ಯೇಕ ಕಂಪ್ಯೂಟರಿನಂತೆ ಕೆಲಸ ಮಾಡುವ ವ್ಯವಸ್ಥೆ) ಇರುವ ಯಂತ್ರದ ಎಲ್ಲ 32 ಕೋರ್‌ಗೂ ಹಣ ಕೇಳಿತು. ಕೋಣೆ ಹಿಡಿದವನಿಂದ ಇಡೀ ಕಟ್ಟಡದ ಬಾಡಿಗೆ ವಸೂಲಿ! ಪರೀಕ್ಷೆಗೆಂದು ಇಟ್ಟ ಸರ್ವರ್‌ಗೆ ಬೇರೆ ಲೆಕ್ಕ. ಮೂಲ ಸಂಕೇತ ಎಲ್ಲರಿಗೂ ತೆರೆದಿರುವ ಮುಕ್ತ ತಂತ್ರಾಂಶಕ್ಕೂ ನಿರ್ವಹಣೆಯ ಖರ್ಚಿದೆ, ನಿಜ. ಆದರೆ ಅದರ ಪರವಾನಗಿಯನ್ನು ಯಾರು ಬೇಕಾದರೂ ಮೊದಲೇ ಓದಬಹುದು. ತಂತ್ರಾಂಶ ಮಾರುವ ಉಳಿದ ಕಂಪನಿಗಳೂ ಎಣಿಕೆಯ ನಿಯಮ, ನವೀಕರಣದ ದರಗಳನ್ನು ಒಪ್ಪಂದದ ಮೊದಲ ಪುಟದಲ್ಲೇ ಮುದ್ರಿಸಲಿ.

– ಖರೀದಿ ವಿಭಾಗದ ನೌಕರ